ಭಂಗಿ ಗಿಡದ ಸಿ.ಬಿ.ಡಿ. ಎಣ್ಣೆ: ಜಮೀನುದಾರರು ತಿಳಿದಿರತಕ್ಕ ಸಂಗತಿಗಳು

ಈಚೆಗೆ ನಾನು ಸರ್ಕೀಟಿನಲ್ಲಿದ್ದಾಗ ಒಬ್ಬ ಜಮೀನುದಾರರು ಅಚ್ಚಾದ ಕರಾರುಪತ್ರವೊಂದನ್ನು ಮುಂದಿಟ್ಟು, “ಸ್ವಾಮಿ, ಇದರಂತೆ ನಾಲ್ಕು ಎಕರೆಗೆ ಸೆಣಬು ಹಾಕಬಹುದೇ?” ಎಂದು ಕೇಳಿದರು. ಬೀಜ ಒದಗಿಸಿ, ಬೆಳೆಯನ್ನು ಕೊಂಡು, ಅದರಿಂದ ಔಷಧದ ಎಣ್ಣೆಯನ್ನು ತೆಗೆಯುವುದಾಗಿ ಅದರಲ್ಲಿ ಬರೆದಿತ್ತು. ಪತ್ರದಲ್ಲಿ ‘ಹೆಂಪ್’ ಎಂದಿದ್ದುದನ್ನು ಅವರು ಹಸಿರು ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬೆಂದು ಭಾವಿಸಿದ್ದರು. ಅಪ್ಸೆಣಬು ಹಳದಿ ಹೂವಿನ ದ್ವಿದಳ ಜಾತಿಯ ಗಿಡ. ಕರಾರಿನಲ್ಲಿದ್ದುದಾದರೋ ಭಂಗಿ ಗಿಡ. ಗಾಂಜಾ ದೊರೆಯುವುದೂ ಅದರಿಂದಲೇ. ಈ ತಪ್ಪು ಇತರರಿಗೂ ಆಗಬಹುದಾದ ಕಾರಣ ವಿಷಯವನ್ನು ಇಲ್ಲಿ ವಿವರಿಸುತ್ತೇನೆ.

ಭಂಗಿ ಗಿಡದ ಹೆಣ್ಣು ಹೂಗೊಂಚಲಿನಲ್ಲಿ ಅಂಟುಳ್ಳ ರಾಳವಿರುತ್ತದೆ. ಅದರಲ್ಲಿ ಮುಖ್ಯವಾದವು ಎರಡು ಪದಾರ್ಥಗಳು. ಅಮಲೇರಿಸುವುದು ಟಿ.ಎಚ್.ಸಿ.; ಅಮಲೇರಿಸದಿರುವುದು ಕ್ಯಾನಬಿಡಿಯಾಲ್ ಅಥವಾ ಸಿ.ಬಿ.ಡಿ. ಎರಡನೆಯದನ್ನು ಅಮೆರಿಕದ ರೋಜರ್ ಆಡಮ್ಸ್ ಎಂಬ ರಸಾಯನಶಾಸ್ತ್ರಜ್ಞರು 1940ರಲ್ಲಿ ಬೇರ್ಪಡಿಸಿದರು. ಬೀಜದಲ್ಲಿ ಇವೆರಡೂ ಇಲ್ಲವೆನ್ನಬಹುದು. ಆದುದರಿಂದ ಬೀಜವನ್ನು ಗಾಣಕ್ಕೆ ಹಾಕಿ ತೆಗೆದ ಎಣ್ಣೆ ಬೇರೆ, ಸಿ.ಬಿ.ಡಿ. ಎಣ್ಣೆ ಬೇರೆ. ಕುಮಾಊಂ, ಗಢವಾಲ ಸೀಮೆಗಳ ಜನರು ಈ ಬೀಜವನ್ನು ಚಟ್ನಿಗೆ ಅರೆಯುವುದೂ ನಾರನ್ನು ಹಗ್ಗಕ್ಕೆ ಹೊಸೆಯುವುದೂ ಹಳೆಯ ರೂಢಿ. ಬೀಜ ಮತ್ತು ಬೀಜದ ಎಣ್ಣೆಗಳನ್ನು ನಮ್ಮ ದೇಶದಲ್ಲಿ 2021ರಿಂದ ಆಹಾರವೆಂದು ಅಂಗೀಕರಿಸಲಾಗಿದೆ.

ಅಮೆರಿಕದಲ್ಲಿ 2018ರ ಕೃಷಿ ಶಾಸನವು ಒಣತೂಕದಲ್ಲಿ ಟಿ.ಎಚ್.ಸಿ. ಶೇಕಡಾ 0.3ನ್ನು ಮೀರದ ಗಿಡಗಳ ಸಾಗುವಳಿಗೆ ಅವಕಾಶ ಕೊಟ್ಟಿತು. ಅಲ್ಲಿ ಹೂವಿಗಾಗಿ ಬೆಳೆಯುವವರು ಗಿಡಗಳನ್ನು ಅಗಲ ಅಂತರದಲ್ಲಿ ನೆಟ್ಟು, ಗಂಡು ಗಿಡಗಳನ್ನು ಕಂಡೊಡನೆ ಕಿತ್ತುಹಾಕುವರು. ಹೆಣ್ಣು ಗಿಡಕ್ಕೆ ಬೀಜ ಕಟ್ಟಿದರೆ ರಾಳ ಕಡಮೆಯಾಗುವುದು. ಈ ಗಿಡವು ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಹೀರಿಕೊಳ್ಳುವ ಸ್ವಭಾವದ್ದು. ಎಣ್ಣೆ ತೆಗೆಯುವಾಗ ಲೋಹವೂ ಕೀಟನಾಶಕದ ಶೇಷವೂ ಸಾಂದ್ರವಾಗಬಹುದು. ಮಣ್ಣಿನ ಪರೀಕ್ಷೆ, ಸಾವಯವ ಗೊಬ್ಬರ, ಬೆಳೆಗಳ ಪರ್ಯಾಯ, ವಿಷರಹಿತವಾದ ಕೀಟನಿಗ್ರಹ ಇವುಗಳನ್ನು ಅಲ್ಲಿ ಒತ್ತಿ ಹೇಳುವುದು ಇದಕ್ಕಾಗಿಯೇ. ಹೂ ಬಲಿತಂತೆಲ್ಲ ಎರಡು ಪದಾರ್ಥಗಳೂ ಒಟ್ಟಿಗೇ ಏರುತ್ತವೆ. ಕೊಯ್ಲು ತಡವಾಗಿ ಟಿ.ಎಚ್.ಸಿ. ಮಿತಿ ಮೀರಿದರೆ ಬೆಳೆಯನ್ನೇ ನಾಶಪಡಿಸಬೇಕಾಗಿ ಬರುವುದುಂಟು.

ತಯಾರಿಕೆಯ ಕ್ರಮ ಹೀಗಿದೆ. ಹೂವನ್ನು ನೆರಳಿನಲ್ಲಿ ಒಣಗಿಸಿ, ಸುಮಾರು 110 ಡಿಗ್ರಿ ಸೆಂಟಿಗ್ರೇಡ್ ಶಾಖ ಕೊಡುವರು. ಹಸಿ ಹೂವಿನಲ್ಲಿ ಆಮ್ಲರೂಪದಲ್ಲಿರುವ ವಸ್ತು ಇದರಿಂದ ಸಿ.ಬಿ.ಡಿ. ಆಗಿ ಮಾರ್ಪಡುವುದು. ಬಳಿಕ ಮದ್ಯಸಾರದಿಂದಲೋ, ಅಧಿಕ ಒತ್ತಡದ ಅಂಗಾರಾಮ್ಲ ವಾಯುವಿನಿಂದಲೋ ಸಾರವನ್ನು ಎಳೆದು, ಶೈತ್ಯದಲ್ಲಿಟ್ಟು ಮೇಣವನ್ನು ಸೋಸಿ, ಕೊಬ್ಬರಿ ಎಣ್ಣೆಯಿಂದ ಪಡೆದ ತೆಳು ಎಣ್ಣೆಯಲ್ಲಿ ಬೆರೆಸುವರು. ಮದ್ಯಸಾರದ ಆವಿಗೆ ಬೆಂಕಿ ಬೇಗ ತಗಲುವುದರಿಂದ ಇದು ಅಡಿಗೆಮನೆಯ ಕೆಲಸವಲ್ಲ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಹೂವಿನಲ್ಲಿ ಸಿ.ಬಿ.ಡಿ. ಶೇಕಡಾ 6, ಟಿ.ಎಚ್.ಸಿ. ಶೇಕಡಾ 0.3 ಇದೆಯೆನ್ನೋಣ. ಅದನ್ನು ಶೇಕಡಾ 60ರ ಸಾರವಾಗಿ ಮಾಡಿದಾಗ ಟಿ.ಎಚ್.ಸಿ.ಯೂ ಹತ್ತರಷ್ಟಾಗಿ ಶೇಕಡಾ 3ಕ್ಕೆ ಏರುವುದು. ಹೊಲದಲ್ಲಿ ಮಿತಿಯೊಳಗಿದ್ದ ವಸ್ತು ಪಾತ್ರೆಯಲ್ಲಿ ಮಿತಿ ಮೀರುವುದು. ಅದನ್ನು ಬೇರ್ಪಡಿಸಲು ಪ್ರತ್ಯೇಕ ಯಂತ್ರಗಳೂ ಪ್ರಯೋಗಶಾಲೆಯೂ ಬೇಕು.

ಉಪಯೋಗದ ವಿಚಾರದಲ್ಲಿ ಅತಿಶಯೋಕ್ತಿಗಳು ಹೇರಳವಾಗಿವೆ. ದೃಢಪಟ್ಟ ಪ್ರಯೋಜನವೆಂದರೆ ಮಕ್ಕಳಿಗೆ ಬರುವ ಕೆಲವು ಉಗ್ರ ವಿಧದ ಮೂರ್ಛೆರೋಗಗಳಲ್ಲಿ. ಇದಕ್ಕಾಗಿ ಶುದ್ಧ ಸಿ.ಬಿ.ಡಿ. ಔಷಧವೊಂದಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಅದರಿಂದಲೂ ತೂಕಡಿಕೆ, ಭೇದಿ, ಯಕೃತ್ತಿಗೆ ತೊಂದರೆ ಉಂಟಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧದ ಪರಿಣಾಮವನ್ನು ಅದು ಹೆಚ್ಚಿಸಬಲ್ಲದು. ಅರ್ಬುದರೋಗವನ್ನು ಗುಣಪಡಿಸುವುದೆಂಬ ಮಾತಿಗೆ ಪ್ರಮಾಣವಿಲ್ಲ. ಲಾಭದ ವಿಚಾರವೂ ಹಾಗೆಯೇ. ಅಮೆರಿಕದಲ್ಲಿ 2019ರಲ್ಲಿ ಎಲ್ಲರೂ ಒಮ್ಮೆಲೇ ಇದನ್ನು ಬೆಳೆದು, ಧಾರಣೆ ಕುಸಿದು, ಬಹಳ ಮಾಲು ಕಣಜದಲ್ಲೇ ಉಳಿಯಿತು.

ನಮ್ಮ ದೇಶದ 1985ರ ಮಾದಕ ವಸ್ತುಗಳ ಶಾಸನದಲ್ಲಿ ‘ಭಂಗಿ ಗಿಡ’ವೆಂದರೆ ಆ ಕುಲದ ಯಾವ ಗಿಡವಾದರೂ ಸರಿಯೆ, ಅಮಲು ಕಡಮೆಯೆಂಬ ವಿನಾಯಿತಿ ಅದರಲ್ಲಿಲ್ಲ. ನಾರು, ಬೀಜಗಳಿಗಾಗಿ ಸರ್ಕಾರವು ವಿಶೇಷ ಆಜ್ಞೆಯಿಂದ ಅವಕಾಶ ಕೊಡಬಹುದು. ಉತ್ತರಾಖಂಡದಲ್ಲಿ ಹೀಗೆ ಪರವಾನಗಿ ಕೊಟ್ಟಿರುವುದುಂಟು. ಪರವಾನಗಿಯಿಲ್ಲದೆ ಬೆಳೆದವರಿಗೆ 10 ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ. ತನ್ನ ಜಮೀನಿನಲ್ಲಿ ಬೇರೊಬ್ಬರು ಅಕ್ರಮವಾಗಿ ಬೆಳೆದಿದ್ದರೂ ತಿಳಿದೊಡನೆ ಪೊಲೀಸ್ ಅಥವಾ ಅಬಕಾರಿ ಅಧಿಕಾರಿಗಳಿಗೆ ವರದಿ ಮಾಡುವುದು 46ನೆಯ ಪ್ರಕರಣದಂತೆ ಜಮೀನುದಾರನ ಹೊಣೆ. 47ನೆಯ ಪ್ರಕರಣವು ಇದೇ ಹೊಣೆಯನ್ನು ಪಂಚರ ಮೇಲೂ ಗ್ರಾಮಾಧಿಕಾರಿಗಳ ಮೇಲೂ ಹೊರಿಸಿದೆ. ಗುತ್ತಿಗೆಗೆ ಜಮೀನು ಕೊಟ್ಟು ಪಟ್ಟಣದಲ್ಲಿರುವವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು.

ಮೇಲೆ ಹೇಳಿದ ಜಮೀನುದಾರರು ಕರಾರಿಗೆ ಇನ್ನೂ ರುಜು ಹಾಕಿರಲಿಲ್ಲ. ಬೀಜದ ಬಾಬ್ತು ಮುಂಗಡವನ್ನು ಮಾತ್ರ ಕಳುಹಿಸಿದ್ದರು. ಬೀಜದ ಕಟ್ಟು ಬಂದರೆ ಸ್ವೀಕರಿಸಕೂಡದೆಂದೂ, ಮುಂಗಡವನ್ನು ಲಿಖಿತ ಮೂಲಕ ವಾಪಸು ಕೇಳತಕ್ಕದ್ದೆಂದೂ ಸೂಚಿಸಿದೆನು. ಆ ನಾಲ್ಕು ಎಕರೆಗೆ ಅವರು ಅಪ್ಸೆಣಬನ್ನೇ ಬಿತ್ತಿದ್ದಾರೆ. ಹೂ ಬಿಡುವ ವೇಳೆಗೆ ಉತ್ತು ಮಣ್ಣಿಗೆ ಸೇರಿಸುವರು. ಇಂಥ ಪತ್ರಗಳು ಬಂದಿರುವ ಇತರರು ರುಜು ಹಾಕುವ ಮೊದಲೇ ಅವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಂದು ತೋರಿಸತಕ್ಕದ್ದು.