ಕವಿಗಳನ್ನು ಕುರಿತ ವಿನೋದವು



ಮಹಾಕವಿಗಳ ಪಟಗಳಿಗೆ ನಾವು ದೂರದಿಂದ ಕೈಮುಗಿಯುತ್ತೇವೆ. ಅವರ ಗ್ರಂಥಗಳನ್ನು ಮಾತ್ರ ತೆರೆಯುವುದಿಲ್ಲ. ಈ ಅಂಜಿಕೆಯನ್ನು ನೀಗಿಸುವುದಕ್ಕೆ ವಿನೋದವು ಒಳ್ಳೆಯ ಸಾಧನವೆಂಬುದನ್ನು ಇಲ್ಲಿ ವಿಚಾರಿಸುವೆವು.

ಷೇಕ್ಸ್‌ಪಿಯರನು ತೀರಿಹೋಗಿ 400 ವರ್ಷಗಳಾದ 2016ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ.ಯು ‘ಅಪ್‌ಸ್ಟಾರ್ಟ್ ಕ್ರೋ’ ಎಂಬ ಹಾಸ್ಯಮಾಲಿಕೆಯನ್ನು ದೂರದರ್ಶನದಲ್ಲಿ ತೋರಿಸತೊಡಗಿತು. ಅದರಲ್ಲಿ ಕವಿಯು ಕುದುರೆಗಾಡಿಯ ವಿಳಂಬವನ್ನು ಕುರಿತು, ಇಂದಿನವರು ರೈಲನ್ನು ಬಯ್ಯುವಂತೆಯೇ ಗೊಣಗುತ್ತಾನೆ. ಒಂದು ಕಾಲದ ಸಂಗತಿಯನ್ನು ಮತ್ತೊಂದು ಕಾಲದಲ್ಲಿಡುವ ಇಂಥ ಕಾಲವಿಪರ್ಯಾಸದಿಂದ ಕವಿಯು ನಮ್ಮ ನೆರೆಯವನಾಗುತ್ತಾನೆ. ಆದುದರಿಂದಲೇ, 1596ರಲ್ಲಿ ಹನ್ನೊಂದು ವರ್ಷದ ಮಗನನ್ನು ಕಳೆದುಕೊಂಡ ಅವನ ದುಃಖವನ್ನು ಅದೇ ಮಾಲಿಕೆಯು ತೋರಿಸುವಾಗ ನಕ್ಕವರ ಕಣ್ಣುಗಳೂ ಒದ್ದೆಯಾಗುತ್ತವೆ.

ಕನ್ನಡದಲ್ಲಿ ಈ ಕೆಲಸವನ್ನು ನಂದಳಿಕೆಯ ಮುದ್ದಣನು (1870–1901) ಮೊದಲೇ ಮಾಡಿದ್ದನು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಉಪಾಧ್ಯಾಯನಾಗಿದ್ದ ಅವನು ರೈಲುಗಾಡಿಯ ಕಾಲದಲ್ಲಿದ್ದುಕೊಂಡು, ತನ್ನ ಹೆಸರನ್ನು ಮರೆಮಾಡಿ, ಪ್ರಾಚೀನ ಕವಿಯಂತೆ ಹಳಗನ್ನಡದಲ್ಲಿ ಬರೆದನು. ‘ಶ್ರೀರಾಮಾಶ್ವಮೇಧ’ದಲ್ಲಿ ಅರಮನೆಯಿಂದ ಮನೆಗೆ ಬಂದ ಕವಿಯು ಸಂಸ್ಕೃತದ ಬಿಂಕವನ್ನು ತೋರಲು, ಹೆಂಡತಿಯಾದ ಮನೋರಮೆಯು ಹಾಸ್ಯಮಾಡಿ ಅವನನ್ನು ತಿಳಿಗನ್ನಡಕ್ಕೆ ತರುತ್ತಾಳೆ. ಇಷ್ಟು ನಗಿಸಿದವನು ಬಡತನದಲ್ಲಿ ಬೆಂದು, ಕ್ಷಯರೋಗದಿಂದ ಚಿಕ್ಕವಯಸ್ಸಿನಲ್ಲಿಯೇ ಗತಿಸಿದನು.

ನಮ್ಮ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಅವರ ಆಸ್ಥಾನದ ಗ್ರಂಥವು. ಅದರ ಕರ್ತೃವು ಅರಸನಾದ ನೃಪತುಂಗನೋ, ಆಸ್ಥಾನಕವಿ ಶ್ರೀವಿಜಯನೋ ಎಂದು ಪಂಡಿತರು ಬಹುಕಾಲ ವಾದಿಸಿದರು. ಶ್ರೀವಿಜಯನೆಂಬುದೇ ಈಗ ಹೆಚ್ಚಿನವರ ಮತವು. ಕಲಬುರಗಿಯ ಮತ್ತು ಕಮಲಾಪುರದ ಬಾಲಿಕೆಯರು ಕೂಡಿ ಇದನ್ನೇ ಪ್ರಹಸನವಾಗಿ ಆಡಬಹುದು. ಶ್ರೀವಿಜಯನು ಕಲಬುರಗಿಯ ಬಸ್ ನಿಲ್ದಾಣದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಸುಲಿಯುತ್ತಾ, ಮುಖಪುಟದಲ್ಲಿ ಯಾರ ಹೆಸರಿರಬೇಕೆಂದು ಅರಸನೊಡನೆ ಜಗಳವಾಡಲಿ! ಆಟವು ಮುಗಿದ ಮೇಲೆ ಯಾವುದು ಚರಿತ್ರೆ, ಯಾವುದು ಕಲ್ಪನೆ ಎಂದು ಅವರೇ ಬೇರ್ಪಡಿಸಿ ಹೇಳಲಿ. ಬಸ್ಸು ಸುಳ್ಳು, ವಾದವು ನಿಜ. ಪಾಠವು ಇಲ್ಲಿಯೇ ಉಂಟು.

ಆದರೆ ಹಾಸ್ಯಕ್ಕೆ ಮೇರೆಯುಂಟು. ಕವಿಯ ಬಿಂಕವನ್ನು ನಗಬಹುದು; ಅವನ ಬಡತನವನ್ನಾಗಲಿ, ಕುಲವನ್ನಾಗಲಿ, ರೋಗವನ್ನಾಗಲಿ ನಗಬಾರದು. ಮನೋರಮೆಯು ಗಂಡನನ್ನು ನಕ್ಕದ್ದು ಕಥೆಯನ್ನು ಕೇಳಬೇಕೆಂಬ ಆಸೆಯಿಂದಲೇ.

ಆದಕಾರಣ ಮಾತಾಪಿತೃಗಳಲ್ಲಿ ನಮ್ಮ ಬಿನ್ನಹವೇನೆಂದರೆ: ಮಗಳು ಕವಿಯನ್ನು ಕುರಿತು ನಕ್ಕರೆ ಗದರಿಸಬೇಡಿರಿ, ಆ ಸಂಜೆಯೇ ಅವನ ಗ್ರಂಥವನ್ನು ಅವಳ ಕೈಗೆ ಕೊಡಿರಿ.