ಗಣಕಯಂತ್ರವು ಏಳದಿದ್ದಾಗ

ಗಣಕಯಂತ್ರವು ಈಗ ನಮ್ಮ ಮನೆಗಳಲ್ಲಿ ಹೊಲಿಗೆಯಂತ್ರದಷ್ಟೇ ಪರಿಚಿತವಾದ ವಸ್ತುವಾಗಿದೆ. ಉಪಾಧ್ಯಾಯರು ಪ್ರಶ್ನಪತ್ರಿಕೆಯನ್ನೂ ಅಂಕಪಟ್ಟಿಯನ್ನೂ ಅದರಲ್ಲಿಯೇ ಸಿದ್ಧಪಡಿಸುತ್ತಾರೆ. ವ್ಯಾಪಾರಿಗಳು ಲೆಕ್ಕಪತ್ರವನ್ನು ಅದರಲ್ಲಿಯೇ ಇಡುತ್ತಾರೆ. ಮಕ್ಕಳ ನಾಮಕರಣದಿಂದ ಮದುವೆಯವರೆಗಿನ ಭಾವಚಿತ್ರಗಳೆಲ್ಲ ಅದರ ಹೊಟ್ಟೆಯಲ್ಲಿ ಅಡಗಿರುತ್ತವೆ. ಇಂತಹ ಯಂತ್ರವು ಒಂದು ಮುಂಜಾನೆ ಗುಂಡಿ ಒತ್ತಿದರೂ ಏಳದೆ ಹೋದರೆ ಮನೆಯವರಿಗೆ ಒದಗುವ ಕಳವಳ ಅಷ್ಟಿಷ್ಟಲ್ಲ. ಆದರೆ ಆ ಕಳವಳದಲ್ಲಿ ಕೈಗೊಂಡ ಅವಸರದ ಉಪಾಯಗಳೇ ಮೂಲದೋಷಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವುದುಂಟು. ಯಂತ್ರ ಕೆಟ್ಟರೆ ಹಣ ಕೊಟ್ಟು ಬೇರೊಂದನ್ನು ತರಬಹುದು. ಅದರೊಳಗಿನ ಬರಹ ಅಳಿದರೆ ಯಾವ ಪೇಟೆಯಲ್ಲಿಯೂ ದೊರೆಯದು. ಈ ಎರಡರ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ದೋಷವನ್ನು ಕ್ರಮವಾಗಿ ಅರಸುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಯಂತ್ರವು ಏಳುವ ರೀತಿಯನ್ನು ಮೊದಲು ತಿಳಿಯಬೇಕು. ಗಣಕವು ಯಾವ ಕೆಲಸ ಮಾಡಬೇಕಾದರೂ ಅದಕ್ಕೊಂದು ಆದೇಶಮಾಲೆ, ಎಂದರೆ ಪ್ರೋಗ್ರಾಮ್, ಬೇಕು. ಆ ಆದೇಶಮಾಲೆಯನ್ನು ಡಿಸ್ಕಿನಿಂದ ಓದಿ ತರುವುದೂ ಒಂದು ಕೆಲಸವೇ ಆದುದರಿಂದ ಅದಕ್ಕೂ ಮತ್ತೊಂದು ಆದೇಶಮಾಲೆ ಬೇಕು. ಹಾಗಾದರೆ ಮೊಟ್ಟಮೊದಲನೆಯದನ್ನು ತರುವವರಾರು? ಎಷ್ಟೇ ನಿಪುಣನಾದ ನಟನೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ಪ್ರಾಚೀನ ತಾರ್ಕಿಕರು ಹೇಳುತ್ತಿದ್ದ ತೊಡಕು ಇಂಥದೇ. ಇಂಗ್ಲಿಷಿನವರು ಇದನ್ನು ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವ ಮಾತಾಗಿ ಹೇಳಿದರು. ‘ಬೂಟ್ ಆಗುವುದು’ ಎಂಬ ಬಳಕೆ ಬಂದದ್ದು ಅಲ್ಲಿಂದ. 1975ರಲ್ಲಿ ಅಮೆರಿಕದಲ್ಲಿ ಬಂದ ಆಲ್ಟೇರ್ 8800 ಎಂಬ ಯಂತ್ರದಲ್ಲಿ ಈ ತೊಡಕನ್ನು ಮನುಷ್ಯನೇ ಬಿಡಿಸಬೇಕಾಗಿತ್ತು. ಮುಂಭಾಗದ ಸಣ್ಣ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತ ಮೊದಲ ಆದೇಶಗಳನ್ನು ಒಂದೊಂದಾಗಿ ಕೈಯಿಂದಲೇ ತುಂಬಬೇಕಿತ್ತು. 1981ರ ಆಗಸ್ಟ್ 12ರಂದು ಪ್ರಕಟವಾದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನಲ್ಲಿ ಆ ಆದೇಶಗಳನ್ನು ಒಂದು ಚಿಪ್ಪಿನಲ್ಲಿ ಕಾಯಮಾಗಿ ಬರೆದಿಟ್ಟರು. ಬಯಾಸ್ ಎಂಬ ಆ ಏರ್ಪಾಡು ಇಂದಿನ ಯಂತ್ರಗಳಲ್ಲಿ ಯು.ಇ.ಎಫ್.ಐ. ಎಂಬ ಹೊಸ ರೂಪದಲ್ಲಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಶಾಲೆಯ ಬೆಳಗಿಗೆ ಹೋಲಿಸಿದರೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಜವಾನನು ಬಂದು ಬೀಗ ತೆಗೆದು, ಕೊಠಡಿಗಳನ್ನೊಮ್ಮೆ ನೋಡಿಕೊಂಡು, ಗಂಟೆ ಬಾರಿಸುತ್ತಾನೆ. ಆ ಮೇಲೆ ಮುಖ್ಯೋಪಾಧ್ಯಾಯರು ಬಂದು ಅಧಿಕಾರ ವಹಿಸುತ್ತಾರೆ. ತರಗತಿಗಳು ಅನಂತರ ಆರಂಭವಾಗುತ್ತವೆ. ಗಣಕದಲ್ಲಿ ಬಯಾಸ್ ಆ ಜವಾನನಂತೆ. ವಿದ್ಯುತ್ತು ಬಂದೊಡನೆ ಅದು ಎದ್ದು ರ‍್ಯಾಮ್, ಕೀಲಿಮಣೆ, ತೆರೆ ಮೊದಲಾದವು ಇವೆಯೇ ಎಂದು ಪರೀಕ್ಷಿಸುತ್ತದೆ. ಡಿಸ್ಕನ್ನು ಹುಡುಕಿ ವಿಂಡೋಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆಯನ್ನು ಕರೆದು ಅದರ ಕೈಗೆ ಯಂತ್ರವನ್ನು ಒಪ್ಪಿಸುತ್ತದೆ. ಹೀಗೆ ಕೈಯಿಂದ ಕೈಗೆ ದಾಟುವ ಈ ಸರಪಳಿಯಲ್ಲಿ ಯಾವುದೋ ಒಂದು ಕೊಂಡಿ ಕಳಚಿದೆ ಎಂಬುದಷ್ಟೇ ‘ಕಂಪ್ಯೂಟರು ಏಳುತ್ತಿಲ್ಲ’ ಎಂಬ ಮಾತಿನ ಅರ್ಥ. ಆದ್ದರಿಂದ ‘ಏನು ಕೆಟ್ಟಿದೆ’ ಎಂದು ಊಹಿಸಲು ಹೊರಡುವ ಮೊದಲು ‘ಎಲ್ಲಿಯವರೆಗೆ ಬಂದು ನಿಂತಿತು’ ಎಂದು ನೋಡುವುದು ಲೇಸು. ತೆರೆಯ ಮೇಲೆ ಕೊನೆಗೆ ಕಂಡ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ರೋಗಿಯ ಲಕ್ಷಣವನ್ನು ಸರಿಯಾಗಿ ಹೇಳಿದರೆ ವೈದ್ಯನ ಅರ್ಧ ಕೆಲಸ ಮುಗಿದಂತೆಯೇ.

ಗುಂಡಿ ಒತ್ತಿದಾಗ ದೀಪವೂ ಬೆಳಗದೆ ಬೀಸಣಿಗೆಯೂ ತಿರುಗದೆ ಇದ್ದರೆ ದೋಷವು ವಿದ್ಯುತ್ತಿನ ದಾರಿಯಲ್ಲಿದೆ. ನಮ್ಮ ಕಡೆ ಇದರಲ್ಲಿ ಹೆಚ್ಚಿನ ಪಾಲು ಯು.ಪಿ.ಎಸ್. ಪೆಟ್ಟಿಗೆಯದು. ಅದರ ಬ್ಯಾಟರಿ ಕೆಲವು ವರ್ಷಗಳಲ್ಲಿ ಸತ್ತುಹೋಗುತ್ತದೆ. ಹೊರಗಿನ ದೀಪ ಮಾತ್ರ ಉರಿಯುತ್ತಿರಬಹುದು. ಯಂತ್ರವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ನೋಡಿದರೆ ಈ ಸಂದೇಹ ಒಂದೇ ನಿಮಿಷದಲ್ಲಿ ಪರಿಹಾರವಾಗುತ್ತದೆ. ಕ್ಯಾಬಿನೆಟ್ಟಿನ ಹಿಂಭಾಗದಲ್ಲಿಯೂ ಒಂದು ಸ್ವಿಚ್ಚಿರುವುದನ್ನು ಕಸ ಗುಡಿಸುವಾಗ ಯಾರೋ ಆರಿಸಿರುವುದುಂಟು. ಹಳೆಯ ಪವರ್ ಸಪ್ಲೈ ಪೆಟ್ಟಿಗೆಗಳಲ್ಲಿ 115 ಮತ್ತು 230 ಎಂದು ಬರೆದಿರುವ ಒಂದು ಕೆಂಪು ಗುಂಡಿ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲಿಯೇ ಇರಬೇಕು. ಕುತೂಹಲದ ಹುಡುಗರು ಅದನ್ನು 115ಕ್ಕೆ ಸರಿಸಿದರೆ, ಸ್ವಿಚ್ ಹಾಕಿದ ಕ್ಷಣದಲ್ಲಿಯೇ ಪೆಟ್ಟಿಗೆ ಸುಟ್ಟುಹೋಗುವ ಸಂಭವ ಉಂಟು. ಸುಟ್ಟ ಪೆಟ್ಟಿಗೆಯನ್ನು ಬದಲಿಸಬೇಕೇ ಹೊರತು ಬಿಚ್ಚಕೂಡದು. ತಂತಿಯನ್ನು ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರನ್ನು ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಬಳಿಕ ಚಾರ್ಜರನ್ನು ಮರಳಿ ಸಿಕ್ಕಿಸಿ ನೋಡಬೇಕು. ಇದು ಮಂತ್ರದಂತೆ ತೋರಿದರೂ ಮಂತ್ರವಲ್ಲ. ಒಳಗೆ ಉಳಿದ ವಿದ್ಯುತ್ತು ಹರಿದುಹೋಗಿ, ಸಿಕ್ಕಿಕೊಂಡಿದ್ದ ನಿಯಂತ್ರಕವು ಮೊದಲಿನಿಂದ ಆರಂಭಿಸುತ್ತದೆ.

ಬೀಸಣಿಗೆ ತಿರುಗುತ್ತದೆ, ತೆರೆ ಮಾತ್ರ ಕಪ್ಪಾಗಿದೆ ಎನ್ನುವುದು ಎರಡನೆಯ ಬಗೆ. ಇಲ್ಲಿ ಮಾನಿಟರಿನ ಕೇಬಲನ್ನು ಎರಡೂ ತುದಿಯಲ್ಲಿ ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇರುವ ಯಂತ್ರದಲ್ಲಿ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದರೆ ಅನೇಕ ವೇಳೆ ಚಿತ್ರ ಬಾರದು. ಅವೆಲ್ಲ ಸರಿಯಿದ್ದರೆ ಸಂದೇಹವು ರ‍್ಯಾಮ್‌ನ ಮೇಲೆ ಬೀಳುತ್ತದೆ. ಧೂಳು ತುಂಬಿದ ಬೇಸಗೆಯ ನಂತರ ಮಳೆಗಾಲದ ತೇವ ಬರುವ ನಮ್ಮ ಊರುಗಳಲ್ಲಿ ಅದರ ಚಿನ್ನದ ಬಣ್ಣದ ಅಂಚಿಗೆ ಮಲಿನಪದರ ಕೂಡುವುದು ಸಹಜ. ಪ್ಲಗ್ಗನ್ನು ಕಿತ್ತು, ಮೊದಲು ಕ್ಯಾಬಿನೆಟ್ಟಿನ ಲೋಹದ ಮೈಯನ್ನು ಮುಟ್ಟಿ ಕೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ರ‍್ಯಾಮ್‌ನ ಪಟ್ಟಿಯನ್ನು ತೆಗೆದು, ಪೆನ್ಸಿಲಿನ ಮೆತ್ತನೆಯ ರಬ್ಬರಿನಿಂದ ಆ ಅಂಚನ್ನು ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ, ಎರಡೂ ಕಡೆಯ ಕೊಕ್ಕೆ ಟಕ್ಕೆಂದು ಕೂರುವವರೆಗೆ ಮರಳಿ ಅದುಮಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದರೆ ಕೆಟ್ಟದ್ದು ಯಾವುದೆಂಬುದು ತಿಳಿಯುತ್ತದೆ. ಕೆಲವು ಯಂತ್ರಗಳು ಈ ಹಂತದಲ್ಲಿ ‘ಬೀಪ್’ ಎಂದು ಕೂಗುತ್ತವೆ. ಎಷ್ಟು ಕೂಗಿಗೆ ಏನರ್ಥವೆಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾದುದರಿಂದ, ಎಣಿಸಿಟ್ಟುಕೊಂಡು ಆ ಯಂತ್ರದ ಕೈಪಿಡಿಯಲ್ಲಿಯೇ ನೋಡುವುದು ಯುಕ್ತ.

ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯವನ್ನು ಹೋಲುವ, 3 ವೋಲ್ಟಿನ ಸಣ್ಣ ಬ್ಯಾಟರಿಯೊಂದಿರುತ್ತದೆ, ಅಂಗಡಿಯಲ್ಲಿ ಸಿ.ಆರ್. 2032 ಎಂದರೆ ಕೊಡುತ್ತಾರೆ. ಯಂತ್ರ ಆರಿದ್ದಾಗಲೂ ಗಡಿಯಾರವನ್ನು ನಡೆಸುವುದು ಇದರ ಕೆಲಸ. ಇದು ಮುಗಿದರೆ ದಿನಾಂಕವು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಹಳೆಯ ಯಂತ್ರಗಳಲ್ಲಿ ಬಯಾಸಿನ ಸೂಚನೆಗಳೂ ಮರೆತುಹೋಗಿ, ಯಾವ ಡಿಸ್ಕಿನಿಂದ ಏಳಬೇಕೆಂಬುದೇ ಅದಕ್ಕೆ ತಿಳಿಯದಂತಾಗುತ್ತದೆ. ಅಲ್ಪ ಬೆಲೆಯ ಈ ಬ್ಯಾಟರಿಗಾಗಿ ಸಾವಿರಾರು ರೂಪಾಯಿಗಳ ಯಂತ್ರವನ್ನು ಕೆಟ್ಟಿತೆಂದು ಮೂಲೆಗೆ ಹಾಕುವ ಮನೆಗಳೂ ಇಲ್ಲದಿಲ್ಲ.

ತಯಾರಕರ ಚಿಹ್ನೆ ಕಾಣಿಸಿಕೊಂಡು, ಬಳಿಕ ಬೂಟ್ ಆಗಬಲ್ಲ ಡಿಸ್ಕು ದೊರೆಯಲಿಲ್ಲವೆಂಬ ಇಂಗ್ಲಿಷ್ ವಾಕ್ಯ ಬಂದರೆ, ಜವಾನನು ಎದ್ದಿದ್ದಾನೆ, ಮುಖ್ಯೋಪಾಧ್ಯಾಯರು ಸಿಕ್ಕಿಲ್ಲ ಎಂದಾಯಿತು. ಹಿಂದಿನ ದಿನ ಸಿಕ್ಕಿಸಿ ಮರೆತ ಪೆನ್‌ಡ್ರೈವ್ ಇದೆಯೇ ಎಂದು ನೋಡಿ ತೆಗೆಯಬೇಕು. ಅನಂತರ ಎಫ್ 2 ಅಥವಾ ಡಿಲೀಟ್ ಕೀಲಿಯನ್ನು ಒತ್ತುತ್ತ ಬಯಾಸಿನ ಪುಟವನ್ನು ತೆರೆದು ಅಲ್ಲಿ ಡಿಸ್ಕಿನ ಹೆಸರು ಇದೆಯೇ ಎಂದು ಪರಿಶೀಲಿಸಬೇಕು. ಹೆಸರಿದ್ದರೆ ಕೆಟ್ಟಿರುವುದು ಬಹುಶಃ ಡಿಸ್ಕಿನಲ್ಲಿರುವ ಆದೇಶಗಳು; ಹೆಸರೇ ಇಲ್ಲವಾದರೆ ಕೇಬಲು, ಇಲ್ಲವೇ ಡಿಸ್ಕು. ತಿರುಗುವ ಹಾರ್ಡ್ ಡಿಸ್ಕಿನಿಂದ ‘ಟಕ್ ಟಕ್’ ಎಂಬ ಸದ್ದು ಒಂದೇ ಸಮನೆ ಬರುತ್ತಿದ್ದರೆ ಕೂಡಲೇ ಯಂತ್ರವನ್ನು ಆರಿಸಿಬಿಡಬೇಕು. ಅದರ ಓದುವ ಮುಳ್ಳು ತನ್ನ ಜಾಗವನ್ನು ಕಾಣದೆ ತಡಕಾಡುತ್ತಿದೆ; ಮತ್ತೆ ಮತ್ತೆ ಎಬ್ಬಿಸಿದಷ್ಟೂ ಉಳಿದ ಬರಹಕ್ಕೆ ಗಾಯವಾದೀತು. ಈಚಿನ ಎಸ್.ಎಸ್.ಡಿ. ಡಿಸ್ಕುಗಳು ವೇಗದಲ್ಲಿ ಎಷ್ಟು ಮೇಲೋ, ಸಾಯುವಾಗ ಸದ್ದು ಮಾಡದೆ ಸಾಯುವುದರಲ್ಲಿ ಅಷ್ಟೇ ನಿರ್ದಯಿಗಳು.

ವಿಂಡೋಸಿನ ಚಿಹ್ನೆ ಕಂಡು, ಚುಕ್ಕೆಗಳು ಸುತ್ತುತ್ತಲೇ ಉಳಿದರೆ ಅಥವಾ ನೀಲಿ ತೆರೆ ಬಂದರೆ ದೋಷವು ಕೊನೆಯ ಕೊಂಡಿಯಲ್ಲಿದೆ. ಗಾಬರಿಗೆ ಕಾರಣ ಕಡಿಮೆ. ವಿಂಡೋಸ್ 10 ಮತ್ತು 11ರಲ್ಲಿ ಏಳುವ ಪ್ರಯತ್ನ ಮೇಲಿಂದ ಮೇಲೆ ವಿಫಲವಾದರೆ ದುರಸ್ತಿಯ ಪುಟವು ತಾನಾಗಿಯೇ ತೆರೆಯುತ್ತದೆ. ಅಲ್ಲಿ ಸ್ಟಾರ್ಟ್‌ಅಪ್ ರಿಪೇರ್, ಕೊನೆಯದಾಗಿ ಬಂದ ಅಪ್‌ಡೇಟನ್ನು ತೆಗೆಯುವುದು, ಅತ್ಯವಶ್ಯಕ ಭಾಗಗಳಿಂದ ಮಾತ್ರ ಏಳುವ ಸೇಫ್ ಮೋಡ್, ಈ ಮೂರನ್ನು ಪ್ರಯತ್ನಿಸಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆಯಲ್ಲಿ ನಿಂತವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಅವು ಬಹುತೇಕ ಸಂಸ್ಥೆಗಳ ಯಂತ್ರಗಳು, ಮನೆಯವಲ್ಲ. ಆದರೂ ಗಮನಿಸಬೇಕಾದುದೇನೆಂದರೆ, ಅದಕ್ಕೆ ಹೇಳಿದ ಚಿಕಿತ್ಸೆ ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಕಡತವನ್ನು ಅಳಿಸುವುದಾಗಿತ್ತು. ಡಿಸ್ಕಿನಲ್ಲಿದ್ದ ಬೇರಾವ ಬರಹವನ್ನೂ ಮುಟ್ಟಬೇಕಾಗಿರಲಿಲ್ಲ.

ಇಲ್ಲಿಂದ ಮುಂದಿನದು ಈ ಲೇಖನದಲ್ಲಿ ಮುಖ್ಯವಾದ ಮಾತು. ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಹತ್ತಾರು ವರ್ಷ ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿ ಗಣಕದಲ್ಲಿ ತುಂಬಿದ್ದರು. ಒಂದು ದಿನ ಯಂತ್ರವು ಚುಕ್ಕೆ ಸುತ್ತುತ್ತ ನಿಂತಿತು. ಪಟ್ಟಣದ ಅಂಗಡಿಯೊಂದಕ್ಕೆ ಒಯ್ದರು. ಸಂಜೆಗೆ ಹೊಸದರಂತೆ ಓಡುವ ಯಂತ್ರ ಕೈಗೆ ಬಂತು. ಅಂಗಡಿಯವನು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿದ್ದನು. ಆತನ ಪಾಲಿಗೆ ಯಂತ್ರ ಎದ್ದಿತು, ಕೆಲಸ ಮುಗಿಯಿತು. ಸಂಗ್ರಹದಲ್ಲಿ ಉಳಿದದ್ದು, ಹಿಂದೊಮ್ಮೆ ಮುದ್ರಿಸಿ ತೆಗೆದಿದ್ದ ನಲವತ್ತು ಪುಟಗಳು ಮಾತ್ರ. ಫಾರ್ಮ್ಯಾಟ್ ಎಂಬುದು ಹೆಚ್ಚಿನ ದೋಷಗಳಿಗೆ ಮದ್ದೆಂಬುದು ನಿಜ. ಮನೆಯಲ್ಲಿ ಇಲಿ ಸೇರಿತೆಂದು ಮನೆಗೆ ಬೆಂಕಿಯಿಟ್ಟರೂ ಇಲಿ ಹೋಗುತ್ತದೆ. ಅದರಲ್ಲಿಯೂ ಎಸ್.ಎಸ್.ಡಿ.ಯಲ್ಲಿ ಒಮ್ಮೆ ಅಳಿಸಿದ್ದನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ.

ಏಳದ ಡಿಸ್ಕಿನಲ್ಲಿಯೂ ಬರಹವು ಸುರಕ್ಷಿತವಾಗಿರಬಹುದೆಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1999ರ ಏಪ್ರಿಲ್ 26ರಂದು ಸಿ.ಐ.ಎಚ್. ಎಂಬ ವೈರಸ್ಸು ಬಹು ಯಂತ್ರಗಳನ್ನು ಕೆಡವಿತು. ಅದು ಡಿಸ್ಕಿನ ಮೊದಲ ಒಂದು ಮೆಗಾಬೈಟಿನಷ್ಟು ಭಾಗವನ್ನು ಸೊನ್ನೆಗಳಿಂದ ತುಂಬುತ್ತಿತ್ತು. ಅಷ್ಟು ಹೊತ್ತಿಗೆ ಮರಳಿ ಬರೆಯಬಹುದಾದ ಚಿಪ್ಪುಗಳಿಗೆ ಬಂದು ಸೇರಿದ್ದ ಬಯಾಸನ್ನೂ ಅಳಿಸಲು ಯತ್ನಿಸುತ್ತಿತ್ತು. ನೋಡುವವರಿಗೆ ಡಿಸ್ಕು ಖಾಲಿಯೆನಿಸಿದರೂ ಆ ಮೊದಲ ಭಾಗದ ಆಚೆಗಿನದು ಹಾಗೆಯೇ ಇರುತ್ತಿತ್ತು. ಡಿಸ್ಕನ್ನು ಮುಟ್ಟದೆ ಇಟ್ಟವರಿಗೆ ತಮ್ಮ ಕಡತಗಳನ್ನು ಹೊರತೆಗೆಸಿಕೊಳ್ಳುವ ಅವಕಾಶವಿತ್ತು.

ಆದುದರಿಂದ ದುರಸ್ತಿಗೆ ಮೊದಲು ಬರಹವನ್ನು ಹೊರಗೆ ತರಬೇಕು. ಬೇರೊಂದು ಗಣಕದಲ್ಲಿ ಉಬುಂಟುವಿನಂತಹ ಲಿನಕ್ಸನ್ನು ಪೆನ್‌ಡ್ರೈವಿಗೆ ತುಂಬಿಸಿ, ಏಳದ ಯಂತ್ರವನ್ನು ಆ ಪೆನ್‌ಡ್ರೈವಿನಿಂದಲೇ ಎಬ್ಬಿಸಿದರೆ, ಒಳಗಿನ ಡಿಸ್ಕಿಗೆ ಏನನ್ನೂ ಬರೆಯದೆ ಅದನ್ನು ತೆರೆದು ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಇಲ್ಲವೆ ಡಿಸ್ಕನ್ನು ಬಿಚ್ಚಿ ಮತ್ತೊಂದು ಯಂತ್ರಕ್ಕೆ ಜೋಡಿಸಬಹುದು. ಎರಡೂ ತಿಳಿಯದಿದ್ದರೆ, ಅಂಗಡಿಗೆ ಕೊಡುವಾಗ ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಕೂಡದು’ ಎಂದು ಬರೆದ ಚೀಟಿಯನ್ನು ಯಂತ್ರದ ಮೈಗೆ ಅಂಟಿಸಿ, ಬಾಯಲ್ಲಿಯೂ ಹೇಳಿ ಬರಬೇಕು. ವಿಂಡೋಸಿನ ದುರಸ್ತಿ ಪುಟದಲ್ಲಿರುವ ‘ರೀಸೆಟ್’ ಎಂಬುದನ್ನು ಕೊನೆಗಿಟ್ಟುಕೊಳ್ಳಬೇಕು. ಅದರಲ್ಲಿ ಕಡತಗಳನ್ನು ಉಳಿಸುವ ಆಯ್ಕೆಯೂ ಎಲ್ಲವನ್ನೂ ಅಳಿಸುವ ಆಯ್ಕೆಯೂ ಒಂದರ ಕೆಳಗೊಂದು ಇರುತ್ತವೆ. ಉಳಿಸುವ ಆಯ್ಕೆಯಲ್ಲಿಯೂ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ.

ಈಚಿನ ಲ್ಯಾಪ್‌ಟಾಪುಗಳಲ್ಲಿ ಮತ್ತೊಂದು ತೊಡಕುಂಟು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಅನೇಕ ಯಂತ್ರಗಳಲ್ಲಿ, ಮಾಲೀಕನು ಗಮನಿಸದೆಯೇ ಡಿಸ್ಕು ಗೂಢಲಿಪಿಗೆ ಸೇರಿಹೋಗಿರುತ್ತದೆ. ಬಯಾಸಿನಲ್ಲಿ ಏನನ್ನಾದರೂ ಬದಲಿಸಿದರೆ, ಮದರ್‌ಬೋರ್ಡನ್ನು ಬದಲಾಯಿಸಿದರೆ, ಯಂತ್ರವು ಬಿಟ್‌ಲಾಕರಿನ 48 ಅಂಕೆಗಳ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಇಲ್ಲದೆ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಅದು ಮಾಲೀಕನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಂಗ್ರಹವಾಗಿರುತ್ತದೆ. ಯಂತ್ರ ಚೆನ್ನಾಗಿರುವ ದಿನವೇ ಅದನ್ನು ಕಾಗದದಲ್ಲಿ ಬರೆದು ಆಸ್ತಿಪತ್ರಗಳ ಜೊತೆಯಲ್ಲಿ ಇಡುವುದು ಒಳ್ಳೆಯದು. ಖಾತೆಯನ್ನು ತೆರೆದುಕೊಟ್ಟವನು ಊರು ಬಿಟ್ಟ ಮಗನೋ ಅಳಿಯನೋ ಆಗಿದ್ದರಂತೂ ಇದು ಇನ್ನೂ ಅವಶ್ಯ.

ಕನ್ನಡದಲ್ಲಿ ಬರೆಯುವವರಿಗೆ ಸಂಬಂಧಿಸಿದ ಒಂದು ವಿಷಯ ಉಳಿಯಿತು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತಗಳು ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಹೇರಳವಾಗಿವೆ. ಆ ಕಾಲದ ಏರ್ಪಾಟಿನಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿಯೇ ಕೂಡಿಸಿದ್ದರು. ಆದುದರಿಂದ ವಿಂಡೋಸನ್ನು ಹೊಸದಾಗಿ ಹಾಕಿದ ಮೇಲೆ ಆ ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಬರಹ ಕೆಟ್ಟಿತೆಂದು ತಿಳಿದು ಅದನ್ನು ಅಳಿಸಿಹಾಕಿದವರುಂಟು. ಅಳಿಸಬಾರದು; ಆ ಅವತಾರದಲ್ಲಿ ಉಳಿಸದೆ ಹಾಗೆಯೇ ಮುಚ್ಚಬೇಕು. ಹಿಂದೆ ಬಳಸಿದ್ದ ಅದೇ ಫಾಂಟನ್ನು ಯಂತ್ರದಲ್ಲಿ ಮರಳಿ ಸ್ಥಾಪಿಸಿ, ಕಡತವನ್ನು ತೆರೆದು, ಪಠ್ಯವನ್ನೆಲ್ಲ ಆರಿಸಿ ಆ ಫಾಂಟಿನ ಹೆಸರನ್ನು ಕೊಟ್ಟರೆ ಅಕ್ಷರಗಳು ಇದ್ದಂತೆಯೇ ಎದ್ದು ಬರುತ್ತವೆ. ಹಾಗೆ ಬಂದ ಮೇಲೆ ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡಿಗೆ ತಿರುಗಿಸಿ ಇನ್ನೊಂದು ಪ್ರತಿಯನ್ನು ಇಟ್ಟುಕೊಂಡರೆ, ಮುಂದಿನ ಯಂತ್ರದಲ್ಲಿ ಫಾಂಟನ್ನು ಹುಡುಕುವ ಕೆಲಸವೂ ಇರದು.