ಹೊಲದ ಕಳೆನಾಶಕ, ಬಾವಿಯ ನೀರು

ಒಂದು ಬೆಳೆಗೆಂದು ನೋಂದಣಿಯಾದ ಕಳೆನಾಶಕವನ್ನು ಇನ್ನೊಂದಕ್ಕೆ ಸಿಂಪಡಿಸಿದರೇನು ತಪ್ಪು ಎಂದು ನೀವು ಕೇಳಬಹುದು. ಅಮೆರಿಕದ ಒಂದು ನಿದರ್ಶನ ನೋಡಿ. ನೋಂದಣಿಯಿಲ್ಲದ ಬಳಕೆಗೂ ತುರ್ತು ಸಂದರ್ಭದಲ್ಲಿ ತಾತ್ಕಾಲಿಕ ಅನುಮತಿ ಕೊಡಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ.

ಟೆಕ್ಸಾಸ್ ರಾಜ್ಯದ ಹತ್ತಿ ಹೊಲಗಳನ್ನು ಪಾಮರ್ ಅಮರಾಂತ್ ಎಂಬ ಕಳೆ ಮುತ್ತಿತ್ತು. ಇದು ನಾವು ಸಾರಿಗೆ ಹಾಕುವ ದಂಟಿನ ಸೊಪ್ಪಿನ ಕುಲದ್ದೇ. ಆದರೆ ಆಳೆತ್ತರ ಮೀರಿ ಬೆಳೆಯುತ್ತದೆ, ಗ್ಲೈಫೋಸೇಟ್‌ಗೂ ಜಗ್ಗದಂತಾಗಿತ್ತು. ಆಗ ಜೋಳಕ್ಕೆ ಬಳಸುತ್ತಿದ್ದ ಪ್ರೊಪಜೀನನ್ನು ಸುಮಾರು 30 ಲಕ್ಷ ಎಕರೆ ಹತ್ತಿಗೂ ಬಳಸಲು ರಾಜ್ಯ ಅನುಮತಿ ಕೋರಿತು. 2014ರ ಜುಲೈನಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ನಿರಾಕರಿಸಿತು. ಕಾರಣ, ಕುಡಿಯುವ ನೀರು.

ಪ್ರೊಪಜೀನ್ ಅಟ್ರಜೀನ್‌ನ ಗುಂಪಿಗೆ ಸೇರಿದ್ದು. ಈ ಗುಂಪಿನ ರಾಸಾಯನಿಕಗಳು ಪ್ರಯೋಗದ ಇಲಿಗಳಲ್ಲಿ ಹಾರ್ಮೋನುಗಳ ಏರುಪೇರು ಉಂಟುಮಾಡಿವೆ. ಮಳೆನೀರಿನೊಡನೆ ಅಂತರ್ಜಲಕ್ಕೂ ಇಳಿಯಬಲ್ಲವು. ನೀರು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಇವು ಹೋಗುವುದಿಲ್ಲ. ರೈತರ ಸಂಕಟ ನಿಜವೇ. ಆದರೂ ಆ ನಿರ್ಧಾರ ಸರಿಯೆಂದೇ ನಮಗೆ ತೋರುತ್ತದೆ.

ನಮ್ಮಲ್ಲಿಯೂ ಕಳೆನಾಶಕಗಳಿಗೆ ಬೆಳೆವಾರು ಅನುಮತಿಯಿದೆ. ಡಬ್ಬಿಯ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿಲ್ಲದಿದ್ದರೆ ಅಂಗಡಿಯವರ ಮಾತು ನಂಬಿ ಸಿಂಪಡಿಸಬೇಡಿ. ಸಿಂಪಡಿಸಿದ ಪಂಪನ್ನು ಬಾವಿಕಟ್ಟೆಯ ಬಳಿ ತೊಳೆಯಲೂ ಬೇಡಿ.